ಬಟವಾಡೆಯಲ್ಲಿ ಹಿಡ್ಕೋತೀನಿ, ಬಿಡಿ ಮೇಡಂ

ಮನೆ ಕೆಲಸ ಗುತ್ತಿಗೆ ಹಿಡಿಯುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ. ಕಿಟಕಿಯ ಗಾಜು ಒಡೆದಿರಲಿ, ಫ್ರಿಜ್ಜಿನ ಬಾಗಿಲಿಗೆ ಗೀರು ಬಿದ್ದಿರಲಿ, ತಕ್ಷಣ ಬರುವ ಉತ್ತರ ಇದು: "ಆ ಹುಡುಗ ಮಾಡಿದ್ದು ಮೇಡಂ. ಅವನ ಬಟವಾಡೆಯಲ್ಲಿ ಹಿಡ್ಕೋತೀನಿ, ಬಿಡಿ." ಕೇಳಿದವರಿಗೆ ನ್ಯಾಯ ಸಿಕ್ಕ ಹಾಗೇ ಅನ್ನಿಸುತ್ತದೆ. ತಪ್ಪು ಯಾರದೆಂದು ಗೊತ್ತಾಯಿತು, ದಂಡವೂ ಬಿತ್ತು. ಒಡೆದ ಗಾಜು ಮಾತ್ರ ಒಡೆದ ಹಾಗೇ ಇರುತ್ತದೆ. ಬಟವಾಡೆಯಲ್ಲಿ, ಅಂದರೆ ಹುಡುಗನ ವಾರದ ಕೂಲಿಯಲ್ಲಿ, ಹಿಡಿದ ದುಡ್ಡು ನಮ್ಮ ಕೈಗಂತೂ ಬರುವುದಿಲ್ಲ.

ಈ ಮಾತಿನ ಮೇಲೆ ನನಗೆ ಸಿಟ್ಟಿದೆ. ಯಾಕೆಂದು ಹೇಳುವುದಕ್ಕೆ ಒಂದು ಬಚ್ಚಲುಮನೆಯ ಕಥೆ ಹೇಳಬೇಕು.

ಮೈಸೂರಿನಲ್ಲಿ ಅಮ್ಮನ ಮನೆಯ ಬಚ್ಚಲಿನ ಗೋಡೆಗೆ ತೇವ ಏರಿ, ನಡುಮನೆಯ ಕಡೆ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಒಳಗಿನ ಹಳೇ ಜಿಐ (ಸತುವಿನ ಲೇಪನದ ಕಬ್ಬಿಣದ) ಪೈಪು ತುಕ್ಕು ಹಿಡಿದು ಜಿನುಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ತಾತ ಕಟ್ಟಿಸಿದ ಮನೆ ಅದು. ನಡುಮನೆಗೆ ಕೆಂಪು ಗಾರೆ ನೆಲ, ಈಗಿನವರು ರೆಡ್ ಆಕ್ಸೈಡ್ ಅನ್ನುತ್ತಾರಲ್ಲ, ಅದು. ಅಡುಗೆಮನೆಗೆ ಕಡಪ ಕಲ್ಲಿನ ಕಟ್ಟೆ. ಬಚ್ಚಲು ಒಡೆದು ಹೊಸದು ಮಾಡಿ, ಬೇರೆ ಏನನ್ನೂ ಮುಟ್ಟಬೇಡಿ ಎನ್ನುವುದು ಅಮ್ಮನ ಒಂದೇ ಷರತ್ತು.

ಕಂಟ್ರಾಕ್ಟರು ಬಂದು ಟೇಪು ಹಿಡಿದು ಅಳೆದು, ಚದರಡಿ ಲೆಕ್ಕ ಹೇಳಿ, ಅಡ್ವಾನ್ಸ್ ತೆಗೆದುಕೊಂಡು ಹೋದರು. ಆಮೇಲೆ ಮನೆಯೊಳಕ್ಕೆ ಬಂದವರೆಲ್ಲ ಬೇರೆಯವರು. ಒಡೆಯುವುದಕ್ಕೆ ಒಂದು ಗುಂಪು, ಪೈಪಿಗೆ ಪ್ಲಂಬರು, ಗಾರೆಗೆ ಮೇಸ್ತ್ರಿ, ಟೈಲ್ಸಿಗೆ ರಾಜಸ್ಥಾನದ ಇಬ್ಬರು. ಇವರೆಲ್ಲರಿಗೂ ಮರಳು ಹೊತ್ತು, ಸಿಮೆಂಟು ಕಲಸಿ, ಕಸ ಸಾಗಿಸಲು ಸುರಪುರದ ಕಡೆಯ ಒಬ್ಬ ಹುಡುಗ. ಅಮ್ಮ ಕಂಟ್ರಾಕ್ಟರಿಗೆ ಹೇಳಿದ್ದು ಮೇಸ್ತ್ರಿಗೆ ತಲುಪಿರಲಿಲ್ಲ. ಮೇಸ್ತ್ರಿಗೆ ಹೇಳಿದ್ದು ಟೈಲ್ಸಿನವರಿಗೆ ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಎಲ್ಲೋ ಕಳೆದುಹೋಯಿತು. ಹುಡುಗನಿಗಂತೂ ಯಾರೂ ಏನೂ ಹೇಳಿರಲಿಲ್ಲ. ಅವನ ಪಾಲಿಗೆ ಬರುತ್ತಿದ್ದದ್ದು ಹಾಕು, ತಾ, ಎತ್ತು, ಇಷ್ಟೇ.

ಟೈಲ್ಸ್ ಕೂರಿಸಿ ಸಂದಿಗೆ ಗ್ರೌಟ್ ತುಂಬಿದ ಮೇಲೆ ಮೇಲ್ಮೈಯಲ್ಲಿ ಸಿಮೆಂಟಿನ ಬಿಳಿ ಪೊರೆ ಉಳಿಯುತ್ತದೆ. ಅದು ಹಸಿಯಿರುವಾಗಲೇ ಸ್ಪಂಜಿನಲ್ಲಿ ಒರೆಸಿದರೆ ಹೋಗುತ್ತದೆ. ಒಣಗಲು ಬಿಟ್ಟರೆ ಆಸಿಡ್ಡೇ ಗತಿ ಅನ್ನುತ್ತಾರೆ, ಬಿಡುವುದೂ ಹಾಗೇ. ಹೈಡ್ರೋಕ್ಲೋರಿಕ್ ಆಸಿಡ್, ಬಣ್ಣದ ಕ್ಯಾನಿನಲ್ಲಿ. ಆಸಿಡ್ ದಾಳಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು: ಕೊಳ್ಳುವವರ ಗುರುತಿನ ಚೀಟಿ ನೋಡದೆ, ಯಾಕೆ ಬೇಕೆಂದು ದಾಖಲಿಸದೆ ಆಸಿಡ್ ಮಾರುವ ಹಾಗಿಲ್ಲ, ಹದಿನೆಂಟು ತುಂಬದವರಿಗಂತೂ ಮಾರಲೇಬಾರದು ಎಂದು. ನಮ್ಮ ಮನೆಗೆ ಬಂದ ಕ್ಯಾನನ್ನು ಮೇಸ್ತ್ರಿ ಸ್ಕೂಟರಿನ ಕಾಲಡಿ ಇಟ್ಟುಕೊಂಡು ತಂದದ್ದು. ಚೀಟಿಗೀಟಿ ಯಾರು ಕೇಳಿದರೋ, ದೇವರೇ ಬಲ್ಲ.

ಹುಡುಗ ಬಚ್ಚಲಿನ ನೆಲಕ್ಕೆ ಆಸಿಡ್ ಸುರಿದು, ಕಡ್ಡಿ ಪೊರಕೆಯಲ್ಲಿ ಉಜ್ಜಿ, ಬಕೆಟ್ಟುಗಟ್ಟಲೆ ನೀರು ಹೊಡೆದ. ನೀರು ಮೋರಿಗೆ ಹೋಗಬೇಕಿತ್ತು. ಆದರೆ ಕಸ ಬಿದ್ದು ಕಟ್ಟಿಕೊಳ್ಳದಿರಲೆಂದು ಪ್ಲಂಬರು ಮೋರಿಯ ಬಾಯಿಗೆ ಸಿಮೆಂಟ್ ಚೀಲದ ಉಂಡೆ ತುರುಕಿ ಹೋಗಿದ್ದ. ತುರುಕಿದ್ದು ಸರಿಯಾದ ಕೆಲಸವೇ. ತೆಗೆಯುವುದು ಯಾರ ಕೆಲಸ ಎನ್ನುವುದು ಯಾರ ಲೆಕ್ಕದಲ್ಲೂ ಇರಲಿಲ್ಲ. ನೀರು ಹೊಸ್ತಿಲು ದಾಟಿ ನಡುಮನೆಗೆ ಬಂತು.

ಕೆಂಪು ನೆಲದ ಮೇಲೆ ಸುರ್ರೆಂದು ಸಣ್ಣಗೆ ನೊರೆಯೆದ್ದಿತು. ಒರೆಸಿದಾಗ ಏನೂ ಕಾಣಲಿಲ್ಲ, ಒದ್ದೆ ನೆಲ ಕೆಂಪಾಗಿಯೇ ಇತ್ತು. ಒಣಗುತ್ತಾ ಬಂದ ಹಾಗೆ ಹೊಸ್ತಿಲಿನಿಂದ ಕಂಬದವರೆಗೆ ಒಂದು ಪಟ್ಟಿ ಬಿಳಿಚಿಕೊಂಡಿತು. ಬೆರಳಾಡಿಸಿದರೆ ಒಂದು ಕಡೆ ಐವತ್ತು ವರ್ಷ ಕಾಲಾಡಿ, ಒರೆಸಿ, ಎಣ್ಣೆ ಕುಡಿದು ಬಂದ ನುಣುಪು. ಒಂದಂಗುಲ ಈಚೆಗೆ ತರಿತರಿ. ಈ ನೆಲದ ಕೆಂಪು ಕಬ್ಬಿಣದ ಆಕ್ಸೈಡಿನದು, ಆದರೆ ಅದನ್ನು ಹಿಡಿದು ನಿಲ್ಲಿಸಿರುವುದು ಸಿಮೆಂಟು, ಸುಣ್ಣ. ಆಸಿಡ್ ಮೊದಲು ತಿನ್ನುವುದು ಆ ಸುಣ್ಣದ ಅಂಶವನ್ನೇ. ಅದು ಕರಗಿ ನೀರಿನಲ್ಲಿ ಹೋಗುತ್ತದೆ, ಮೇಲ್ಪದರ ಸಡಿಲವಾಗುತ್ತದೆ, ಹೊಳಪು ತಿರುಗಿ ಬರುವುದಿಲ್ಲ. ಕಡಪ ಕಲ್ಲು, ಮಾರ್ಬಲ್, ಮೊಸಾಯಿಕ್ ಎಲ್ಲಕ್ಕೂ ಇದೇ ಕಥೆ, ಅವೂ ಸುಣ್ಣದ ಕಲ್ಲಿನ ಕುಲದವೇ. ಗ್ರಾನೈಟ್ ಒಂದಿಷ್ಟು ತಡೆದುಕೊಳ್ಳುತ್ತದೆ.

ಅಡುಗೆಮನೆ ಬಚ್ಚಲಿನ ಪಕ್ಕದಲ್ಲೇ. ಬೆಳಗಾಗುವುದರಲ್ಲಿ ಅಕ್ಕಿ ಡಬ್ಬ, ಬೇಳೆ ಡಬ್ಬಗಳ ಮುಚ್ಚಳದ ಮೇಲೆಲ್ಲ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು. ಆಸಿಡ್ ಒಂದು ಹನಿಯೂ ಅಲ್ಲಿಗೆ ಹೋಗಿರಲಿಲ್ಲ, ಹೋದದ್ದು ಬರೀ ಹೊಗೆ. "ಸ್ಟೀಲಿಗೆ ತುಕ್ಕು ಹಿಡಿಯಲ್ಲ ಅಂತಲ್ವೇನೇ ಅದಕ್ಕೆ ಅಷ್ಟು ದುಡ್ಡು ಕೊಡೋದು?" ಅಂತ ಅಮ್ಮ ಕೇಳಿದರು. ಸ್ಟೇನ್‌ಲೆಸ್ ಸ್ಟೀಲಿನ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯಿರುತ್ತದೆ, ತುಕ್ಕು ತಡೆಯುವುದು ಅದೇ. ಕ್ಲೋರೈಡ್ ಸೋಕಿದರೆ ಆ ಪೊರೆ ಅಲ್ಲಲ್ಲಿ ತೂತು ಬೀಳುತ್ತದೆ. ಸಬೀನ ಹಾಕಿ ಉಜ್ಜಿದ ಮೇಲೆ ಕಂದು ಹೋಯಿತು, ಸಣ್ಣ ಗುಳಿಗಳು ಉಳಿದುವು. ಹೊಸ ಬಚ್ಚಲಿನ ನಲ್ಲಿಯ ಕ್ರೋಮ್ ಲೇಪನಕ್ಕೂ ಅದೇ ಗತಿ. ಅಂದರೆ ಅವರು ತಂದು ಕೂರಿಸಿದ ಮಾಲನ್ನೇ ಅವರು ಹಾಳು ಮಾಡಿದ್ದರು.

ಕಂಟ್ರಾಕ್ಟರು ಬಂದು ನೆಲ ನೋಡಿದರು. ಬಗ್ಗಿ ನೋಡಲಿಲ್ಲ, ನಿಂತೇ ನೋಡಿದರು.

"ಅಯ್ಯೋ, ಹಳೇ ನೆಲ ಮೇಡಂ. ಯಾರಿದ್ದಾರೆ ಈಗ ರೆಡ್ ಆಕ್ಸೈಡ್ ಇಟ್ಕೊಂಡಿರೋರು? ಇದರ ಮೇಲೇ ಟೈಲ್ಸ್ ಹೊಡೆದುಬಿಡೋಣ. ನೀವು ಲೇಬರ್ ಮಾತ್ರ ಕೊಡಿ, ಮನೆ ಜಗ್ ಅನ್ನುತ್ತೆ."

ಒಂದು ಪಟ್ಟಿ ಹಾಳು ಮಾಡಿದ್ದಕ್ಕೆ ಪರಿಹಾರವಾಗಿ ಇಡೀ ನೆಲವನ್ನೇ ಮುಚ್ಚಿಬಿಡುವುದು, ಅದಕ್ಕೆ ಕೂಲಿ ನಾವೇ ಕೊಡುವುದು. ಅವರ ವ್ಯಾಪಾರದ ಚುರುಕುತನಕ್ಕೆ ತಲೆದೂಗಬೇಕು. ನಾನು ಒಪ್ಪದಿದ್ದಾಗಲೇ ಆ ಇನ್ನೊಂದು ಮಾತು ಬಂದದ್ದು, ಬಟವಾಡೆಯಲ್ಲಿ ಹಿಡಿಯುವ ಮಾತು.

ಅಷ್ಟು ಹೊತ್ತಿಗೆ ಅಮ್ಮ ಹುಡುಗನನ್ನು ಹಿತ್ತಲ ನಲ್ಲಿಯ ಕೆಳಗೆ ನಿಲ್ಲಿಸಿದ್ದರು. ಕೈಗವಸಿಲ್ಲದೆ ಆಸಿಡ್ ಉಜ್ಜಿ ಅವನ ಬೆರಳ ತುದಿಯೆಲ್ಲ ಬಿಳಿಚಿ ಸುಲಿದಿತ್ತು. "ಹಾಕು ಅಂದ್ರು, ಹಾಕೀನ್ರಿ ಅಕ್ಕಾರ. ನೀರು ಹೊರಗ ಬರ್ತೈತಿ ಅಂತ ಗೊತ್ತಿದ್ದಿಲ್ರಿ," ಅಂದ. ಸ್ವಲ್ಪ ತಡೆದು, "ಪಗಾರ್ದಾಗ ಹಿಡೀತಾರೇನ್ರಿ?" ಅಂತ ಕೇಳಿದ. ನೆಲಕ್ಕೆ ಏನಾಯಿತೆಂದು ಅವನಿಗೆ ಪೂರ್ತಿ ತಿಳಿದಿರಲಿಲ್ಲ, ತನಗೇನಾಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಹೀಗೆ ಕೂಲಿ ಹಿಡಿಯುವುದನ್ನು ಕಾನೂನು ಯಾವತ್ತಿನಿಂದಲೋ ಬಿಗಿಯಾಗಿ ಕಟ್ಟಿಹಾಕಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲೇ ಇದ್ದ ನಿಯಮದ ಪ್ರಕಾರ, ವಸ್ತು ಹಾಳಾದದ್ದಕ್ಕೆ ಕೆಲಸಗಾರನ ಸಂಬಳ ಹಿಡಿಯಬೇಕಾದರೆ ಆ ವಸ್ತುವನ್ನು ಅವನ ಸುಪರ್ದಿಗೆ ಸ್ಪಷ್ಟವಾಗಿ ಒಪ್ಪಿಸಿರಬೇಕು; ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು; ಹಿಡಿಯುವ ಮೊದಲು ಅವನ ಮಾತು ಕೇಳಬೇಕು. ಈಗ ಆ ಕಾಯ್ದೆಯ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಈ ಅಂಶ ಹಾಗೇ ಇದೆ. ನಮ್ಮ ನಡುಮನೆಯ ನೆಲವನ್ನು ಸುರಪುರದ ಹುಡುಗನಿಗೆ ಯಾರು ಒಪ್ಪಿಸಿದ್ದರು? ಅವನಿಗೆ ಒಪ್ಪಿಸಿದ್ದು ಒಂದು ಕ್ಯಾನು, ಒಂದು ಪೊರಕೆ. ನೆಲ ಒಪ್ಪಿಸಿದ್ದು ಕಂಟ್ರಾಕ್ಟರಿಗೆ. ಚದರಡಿಗೆ ಇಷ್ಟೆಂದು ಹೇಳಿದ ದರದಲ್ಲಿ ಮೇಸ್ತ್ರಿಯ ಕೂಲಿ, ಹುಡುಗನ ಕೂಲಿ, ತಮ್ಮ ಲಾಭ ಎಲ್ಲ ಸೇರಿಸಿಕೊಂಡವರು ಅವರು. ಲಾಭ ಮೇಲಕ್ಕೆ ಹೋಗಬಹುದು, ನಷ್ಟ ಮಾತ್ರ ಮೆಟ್ಟಿಲಿಳಿದು ಎಲ್ಲರಿಗಿಂತ ಕೆಳಗಿರುವವನ ಹತ್ತಿರ ಬಂದು ನಿಲ್ಲಬೇಕು ಅಂದರೆ ಅದು ಯಾವ ಲೆಕ್ಕ?

"ನಿಮ್ಮ ಹುಡುಗ ನಿಮ್ಮ ಲೆಕ್ಕ, ನೆಲ ನನ್ನ ಲೆಕ್ಕ. ನಾನು ಮಾತಾಡ್ತಿರೋದು ನಿಮ್ಮ ಹತ್ತಿರ," ಅಂದೆ. ಕಂಟ್ರಾಕ್ಟರಿಗೆ ಇದು ಹಿಡಿಸಲಿಲ್ಲ.

ಈ ಬಗೆಯ ನಷ್ಟ ನಮ್ಮ ಸ್ನೇಹಿತರ, ಬಂಧುಗಳ ಮನೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಗ್ರೈಂಡರಿನಲ್ಲಿ ಟೈಲ್ಸ್ ಕೊಯ್ದ ಧೂಳು ಟಿವಿಯೊಳಗೆ, ಫ್ರಿಜ್ಜಿನ ಹಿಂದಿನ ಕಾಯಿಲ್ಲಿನೊಳಗೆ ಕೂತು ತಿಂಗಳಾದ ಮೇಲೆ ಕೈಕೊಡುತ್ತದೆ, ಆಗ ಕೇಳಲು ಯಾರೂ ಇರುವುದಿಲ್ಲ. ಹಸಿ ಸಿಮೆಂಟು ಅಲ್ಯೂಮಿನಿಯಂ ಕಿಟಕಿಗೆ ಸಿಡಿದರೆ ಅದರ ಕ್ಷಾರ ಅಲ್ಯೂಮಿನಿಯಮ್ಮನ್ನೇ ತಿಂದು ಬಿಳಿ ಕಲೆ ಬಿಡುತ್ತದೆ. ತೇಗದ ಚೌಕಟ್ಟಿಗೆ ಬಿದ್ದರೆ ಕಪ್ಪು ಕಲೆ. ಪರದೆ ಸರಳು ಹಾಕಲು ಡ್ರಿಲ್ ಹಿಡಿದವರು ಗೋಡೆಯೊಳಗಿನ ನೀರಿನ ಪೈಪಿಗೇ ತೂತು ಹೊಡೆಯುವುದು ಅಪಾರ್ಟ್‌ಮೆಂಟಿನವರಿಗೆಲ್ಲ ಗೊತ್ತಿರುವ ಕಥೆ. ಇಲ್ಲಿ ನಷ್ಟ ಕೆಳಗಿನ ಮನೆಯವರದು, ಜಗಳ ನಮ್ಮದು.

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಪೇಂಟರು ಒಬ್ಬರು ಟೀಪಾಯಿಯ ಮೇಲೆ ಹತ್ತಿ ನಿಂತು ಸೀಲಿಂಗಿಗೆ ಉಪ್ಪು ಕಾಗದ ಉಜ್ಜಿದರು. ಬೀಟೆ ಮರದ ಟೀಪಾಯಿ, ಮೇಲೆ ಮೈಸೂರಿನ ಇನ್ಲೇ ಕೆಲಸ, ಅಂದರೆ ಮರ ಕೆತ್ತಿ ಬೇರೆ ಬಣ್ಣದ ತುಣುಕು ಕೂರಿಸಿದ ಚಿತ್ರ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಕುಸುರಿ ಅದು. ಆನೆಯ ಸೊಂಡಿಲಿನ ಬಿಳಿ ತುಣುಕು ಎದ್ದು ಬಂದು ಯಾರದೋ ಚಪ್ಪಲಿಗೆ ಅಂಟಿ ಹೋಯಿತು. ಚಿಕ್ಕಮ್ಮ ಪೇಂಟರಿಗೆ ಚೆನ್ನಾಗಿ ಬೈದರು. ನನಗೆ ಕೇಳಬೇಕೆನಿಸಿದ್ದು ಬೇರೆ: ಆ ಮನುಷ್ಯನಿಗೆ ಏಣಿ ಎಲ್ಲಿ? ಏಣಿ ಒಂದೇ ಇತ್ತು, ಅದನ್ನು ಆ ದಿನ ಇನ್ನೊಂದು ಸೈಟಿಗೆ ಕಳಿಸಿದ್ದರು. ಹತ್ತು ಅಡಿ ಎತ್ತರದ ಸೀಲಿಂಗಿಗೆ ಮನುಷ್ಯ ಹಾರಿ ಹೋಗಲಾರ. ಟೀಪಾಯಿ ಅಲ್ಲದಿದ್ದರೆ ಡೈನಿಂಗ್ ಟೇಬಲ್ಲು.

ಹೀಗೆ ಒಂದೊಂದನ್ನೂ ಹಿಂದಕ್ಕೆ ಎಳೆಯುತ್ತಾ ಹೋದರೆ ಬಹುಪಾಲು ಒಂದೇ ಜಾಗಕ್ಕೆ ಬಂದು ಮುಟ್ಟುತ್ತದೆ. ಕೊಟೇಶನ್ನಿನಲ್ಲಿ ಟೈಲ್ಸಿಗೆ ಸಾಲಿದೆ, ಮರಳಿಗೆ ಸಾಲಿದೆ, ಕಸ ಸಾಗಿಸುವ ಆಟೋಗೂ ಸಾಲಿದೆ. ಸಾಮಾನು ಸರಿಸಿ, ಮುಚ್ಚಿ, ಮತ್ತೆ ಜಾಗಕ್ಕಿಡುವುದಕ್ಕೆ ಸಾಲಿಲ್ಲ. ಮನೆಯವರು ಅದನ್ನು ಕಂಟ್ರಾಕ್ಟರು ಮಾಡಿಸುತ್ತಾರೆ ಅಂದುಕೊಳ್ಳುತ್ತಾರೆ, ಕಂಟ್ರಾಕ್ಟರು ಮನೆಯವರೇ ಮಾಡಿಕೊಂಡಿರುತ್ತಾರೆ ಅಂದುಕೊಳ್ಳುತ್ತಾರೆ. ದರ ಕಡಿಮೆ ಮಾಡಿ ಮಾಡಿ ಎಂದು ನಾವು ಹಿಂಡಿದಾಗ ಮೊದಲು ಮಾಯವಾಗುವುದು ಆ ಒಬ್ಬ ಹೆಚ್ಚುವರಿ ಆಳು, ಆಮೇಲೆ ಎರಡನೇ ಏಣಿ, ಆಮೇಲೆ ಮುಚ್ಚಲು ತರುವ ಪ್ಲಾಸ್ಟಿಕ್ ಶೀಟು.

ಇನ್ನು ದುಡ್ಡಿನ ಮಾತು. ಹಳೇ ವಸ್ತುವಿಗೆ ಬೆಲೆ ಕಟ್ಟುವುದು ಕಷ್ಟ, ಕಂಟ್ರಾಕ್ಟರುಗಳು ಆ ಕಷ್ಟವನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ತಾತ ಓಡಾಡಿದ ನೆಲ ಎನ್ನುವುದಕ್ಕೆ ಯಾವ ಕಾನೂನಿನಲ್ಲೂ ದರಪಟ್ಟಿಯಿಲ್ಲ. 1872ರ ಕರಾರು ಕಾಯ್ದೆಯ 73ನೇ ಕಲಂ ಕೊಡಿಸುವುದು ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟವನ್ನು, ದೂರದ ಪರೋಕ್ಷ ನಷ್ಟವನ್ನಲ್ಲ. ಆದ್ದರಿಂದ ಭಾವನೆಯನ್ನು ಪಕ್ಕಕ್ಕಿಟ್ಟು ದುರಸ್ತಿಯ ಖರ್ಚು ಕೇಳುವುದೇ ಜಾಣತನ. ಅದಕ್ಕೆ ಒಬ್ಬ ಮೂರನೆಯವರಿಂದ ಬರಹದಲ್ಲಿ ಅಂದಾಜು ಬೇಕು. ನಂಜನಗೂಡಿನ ಕಡೆಯ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರು ಸಿಕ್ಕಿದರು, ಆಕ್ಸೈಡ್ ಕೆಲಸ ಈಗಲೂ ಮಾಡುವವರು. ಅವರು ಬಗ್ಗಿ ನೋಡಿದರು, ಮಂಡಿಯೂರಿ ಕೂತು ಉಗುರಿನಲ್ಲಿ ಕೆರೆದು ನೋಡಿದರು. "ಇದ್ದ ಹಾಗೆ ಆಗಲ್ಲ ತಾಯಿ. ಹತ್ತಿರಕ್ಕೆ ತರಬೌದು," ಅಂದು 14,000 ರೂಪಾಯಿ ಹೇಳಿದರು. ತರಿಯಾದ ಪದರವನ್ನು ಕಲ್ಲಿನಲ್ಲಿ ಉಜ್ಜಿ ತೆಗೆದು, ಸಿಮೆಂಟು ಆಕ್ಸೈಡ್ ಸೇರಿಸಿದ ತೆಳು ಹಾಲು ಎಳೆದು, ಕರಣೆಯಲ್ಲಿ ತಿಕ್ಕಿ ನಯಮಾಡಿ, ದಿನಗಟ್ಟಲೆ ನೀರುಣಿಸಿ, ಕೊನೆಗೆ ಮೇಣ. ಪಟ್ಟಿ ಈಗಲೂ ಕಾಣುತ್ತದೆ, ಸುತ್ತಲಿಗಿಂತ ಒಂದು ಬಣ್ಣ ಗಾಢ. ಕಾಲಿಗೆ ಮಾತ್ರ ತಿಳಿಯುವುದಿಲ್ಲ.

ಕಂಟ್ರಾಕ್ಟರಿಗೆ ಕೊನೆಯ ಕಂತು 30,000 ರೂಪಾಯಿ ಕೊಡಬೇಕಿತ್ತು. ನೆಲದ ಅಂದಾಜು, ಡಬ್ಬಗಳ ಫೋಟೋ, ನಲ್ಲಿಯ ಬಿಲ್ಲು ವಾಟ್ಸಾಪಿನಲ್ಲಿ ಕಳಿಸಿ, ಇಷ್ಟು ಕಳೆದು ಉಳಿದದ್ದು ಕೊಡುತ್ತೇನೆ ಎಂದು ಬರೆದೆ. ಮೊದಲು ಕೂಗಾಡಿದರು. ಇಂಥ ಮನೆಗೆ ಇನ್ನು ಕಾಲಿಡಲ್ಲ ಅಂದರು. ಎರಡನೇ ಫೋನಿನಲ್ಲಿ ಗ್ರಾಹಕರ ಆಯೋಗದ ಮಾತೆತ್ತಿದೆ. ಬೆದರಿಸುವ ದನಿಯಲ್ಲಲ್ಲ, ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳುವ ದನಿಯಲ್ಲಿ. ಕೊನೆಗೆ ಕಳೆಯುವ ಮೊತ್ತ 15,000ಕ್ಕೆ ಇಳಿದು ಬಂತು. ಹುಡುಗನ ಕೂಲಿ ಹಿಡಿಯಬಾರದು ಎಂದೂ ಕೇಳಿದೆ, "ಇಲ್ಲ ಇಲ್ಲ" ಅಂದರು. ಹಿಡಿದರೋ ಬಿಟ್ಟರೋ ನಾನು ತಿಳಿದುಕೊಳ್ಳುವ ದಾರಿಯಿಲ್ಲ. ಬಟವಾಡೆ ನಡೆಯುವುದು ಶನಿವಾರ ಸಂಜೆ, ನಮ್ಮ ಗೇಟಿನ ಆಚೆ.

ಆಯೋಗದ ಬಗ್ಗೆ ಜನ ಅಂದುಕೊಂಡಿರುವಷ್ಟು ತೊಡಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಂಟ್ರಾಕ್ಟರ ಊರಿಗೆ ಅಲೆಯಬೇಕಿಲ್ಲ. ಸೇವೆಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು, 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ. ಒಂದು ಸೂಕ್ಷ್ಮ ಇದೆ. ಕಾಯ್ದೆಯ 'ಸೇವೆ'ಯಲ್ಲಿ ಖಾಸಗಿ ಚಾಕರಿಯ ಕರಾರು ಸೇರುವುದಿಲ್ಲ. ಗುತ್ತಿಗೆ ಒಪ್ಪಿಕೊಂಡು ತನ್ನ ಆಳುಗಳಿಂದ ಮಾಡಿಸುವವನ ಕೆಲಸ ಸೇವೆ. ನಾವೇ ದಿನಗೂಲಿಗೆ ಒಬ್ಬರನ್ನು ಕರೆದು, ಮುಂದೆ ನಿಂತು, ಹೀಗೆ ಮಾಡು ಹಾಗೆ ಮಾಡು ಎಂದು ಮಾಡಿಸಿಕೊಂಡದ್ದರಲ್ಲಿ ಎದುರು ಪಕ್ಷ ಈ ತಕರಾರು ಎತ್ತಬಹುದು. ನನಗೆ ಅದೂ ನ್ಯಾಯವಾಗಿಯೇ ಕಾಣುತ್ತದೆ. ಹಾಗೆ ಮಾಡಿಸಿದಾಗ ಮೇಸ್ತ್ರಿಯ ಸ್ಥಾನದಲ್ಲಿ ನಿಂತವರು ನಾವೇ ತಾನೇ?

ಸೋಫಾ ಹೊಲಿಸಲು, ಬಾಗಿಲು ಪಾಲಿಶ್ ಮಾಡಿಸಲು ಅಂಗಡಿಗೇ ಕಳಿಸಿದರೆ ವಿಷಯ ಇನ್ನೂ ಸರಳ. ಅದೇ ಕರಾರು ಕಾಯ್ದೆಯ 151ನೇ ಕಲಂ ಇದೆ: ಒಪ್ಪಿಸಿಕೊಂಡ ವಸ್ತುವನ್ನು ಸಾಮಾನ್ಯ ವಿವೇಕದ ಮನುಷ್ಯ ಅಂಥದೇ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಳ್ಳಬೇಕು. ಕಳಿಸುವ ಮುಂಚೆ ನಾಲ್ಕು ಕಡೆಯಿಂದ ಫೋಟೋ, ಚೀಟಿಯಲ್ಲಿ ಒಂದು ಸಾಲು, ಇಷ್ಟಿದ್ದರೆ ಮಾತು ಬೆಳೆಯುವುದಿಲ್ಲ.

ಈಗ ಕೆಲಸ ಒಪ್ಪಿಸುವಾಗ ನಾನು ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿ ಹಾಕಿಸುತ್ತೇನೆ. ಛಾಪಾ ಕಾಗದ ಏನಲ್ಲ, ಬಿಳಿ ಹಾಳೆ. ಆಳುಗಳಿಂದ ಏನೇ ಹಾಳಾದರೂ ಹೊಣೆ ಗುತ್ತಿಗೆದಾರರದು. ಹೇಳದೆ ಆಸಿಡ್ ಮನೆಯೊಳಕ್ಕೆ ತರಬಾರದು. ಕೊನೆಯ ಕಂತು ಎಲ್ಲ ನೋಡಿಕೊಂಡ ಮೇಲೆ. ಸಾಮಾನು ಸರಿಸಿ ಮುಚ್ಚುವುದಕ್ಕೆ ಬೇರೆ ದರ ಹಾಕಿ ಎಂದು ನಾನೇ ಹೇಳುತ್ತೇನೆ. ದರ ಹಾಕಿದ ಕೆಲಸಕ್ಕೆ ಮಾಡುವವನೊಬ್ಬ ಇರುತ್ತಾನೆ. ಹಣವೆಲ್ಲ ಯುಪಿಐಯಲ್ಲಿ, ಯಾತಕ್ಕೆ ಎಂಬ ಟಿಪ್ಪಣಿ ಸಮೇತ. ಮೊದಲ ದಿನ ಕಂಟ್ರಾಕ್ಟರಿನ ಎದುರಿಗೇ ಮೇಸ್ತ್ರಿಯನ್ನೂ ಹುಡುಗರನ್ನೂ ಕರೆದುಕೊಂಡು ಮನೆ ಒಂದು ಸುತ್ತು ತೋರಿಸುವುದು. ಇದು ಮುಟ್ಟಬೇಡಿ, ಇದರ ಮೇಲೆ ಹತ್ತಬೇಡಿ, ನೀರು ಇಲ್ಲಿ ಹೋಗುತ್ತೆ. ಕೂರಲು ಎರಡು ಸ್ಟೂಲು, ಬಳಸಲು ಒಂದು ಕಕ್ಕಸು, ಕೈ ತೊಳೆಯಲು ನಲ್ಲಿ, ಇವು ಎಲ್ಲಿವೆ ಎಂದೂ ತೋರಿಸುತ್ತೇನೆ. ಇದಕ್ಕೆ ಕೆಲವರು ಮೂಗು ಮುರಿಯುತ್ತಾರೆ. ಕೂರಲು ಜಾಗ ಕೊಡದ ಮನೆಯಲ್ಲಿ ಅವರು ಊಟಕ್ಕೆ ಇನ್ನೆಲ್ಲಿ ಕೂರಬೇಕು, ನಿಮ್ಮ ಮಂಚದ ಮೇಲೆ ತಾನೇ?

ಹಾಳೆ ನೋಡಿದ ತಕ್ಷಣ ಎದ್ದು ಹೋದ ಕಂಟ್ರಾಕ್ಟರುಗಳೂ ಇದ್ದಾರೆ. ಹೋಗಲಿ.

ಈ ಸಲ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಬಂದವರು ಹಾಳೆಯನ್ನು ಪೂರ್ತಿ ಓದಿದರು. ಮೊದಲ ಮಳೆಗೆ ಸೋರದಿದ್ದರೆ ಕೊನೆಯ ಕಂತು ಎಂದು ನಾನು ಬರೆದದ್ದಕ್ಕೆ ಮಾತ್ರ ತಕರಾರು ತೆಗೆದರು. "ಮಳೆ ಯಾವಾಗ ಬರುತ್ತೋ ಮೇಡಂ, ನನ್ನ ಹುಡುಗರಿಗೆ ಈ ಶನಿವಾರ ಕೊಡಬೇಕಲ್ಲ. ಕೆಲಸ ಆದ ಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡಿ, ಸೋರದಿದ್ರೆ ಕೊಟ್ಟುಬಿಡಿ." ನ್ಯಾಯವಾದ ಮಾತು, ತಿದ್ದಿ ಬರೆದೆ. ಇನ್ನು ಬಾಕಿಯಿರುವುದು ಸಾಮಾನು ಸರಿಸುವ ಸಾಲು. ಅದಕ್ಕೆಷ್ಟು ಹಾಕಬೇಕೆಂದು ಅವರು ಮೇಲೆ ಹೋಗಿ ನೋಡಿಕೊಂಡು ಬಂದು ತಲೆ ಕೆರೆದುಕೊಳ್ಳುತ್ತಿದ್ದಾರೆ. ಟೆರೇಸಿನ ಮೇಲೆ ಅಮ್ಮನ ನಲವತ್ತು ಚಿಲ್ಲರೆ ಹೂಕುಂಡಗಳಿವೆ, ಅದರಲ್ಲಿ ಅರ್ಧಕ್ಕರ್ಧ ಸಿಮೆಂಟಿನವು.